ಬಳಕೆಯಲ್ಲಿ ಪಳಗದ ಆವಿಷ್ಕಾರಗಳ ಸರ್ಕಾರಿ ಖರೀದಿ: ಮಾರುವವರ ಅರ್ಹತೆ

ಸರ್ಕಾರಿ ಟೆಂಡರಿಗೆ ಅರ್ಜಿ ಹಾಕುವ ಉದ್ಯಮ ಸಾಮಾನ್ಯವಾಗಿ ಮೂರು ಪ್ರಶ್ನೆಗಳಿಗೆ ದಾಖಲೆ ಸಮೇತ ಉತ್ತರ ಕೊಡಬೇಕಾಗುತ್ತದೆ. ಇದೇ ಬಗೆಯ ಸಾಮಾನನ್ನು ಹಿಂದೆ ಯಾರಿಗೆ, ಎಷ್ಟು ಪೂರೈಸಲಾಗಿದೆ? ಕಳೆದ ಕೆಲವು ವರ್ಷಗಳ ವಹಿವಾಟು ಎಷ್ಟು? ಇಎಂಡಿ ಎಂದು ಕರೆಯುವ ಮುಂಗಡ ಠೇವಣಿ ಎಲ್ಲಿ? ಹೊಸ ಯಂತ್ರವನ್ನೋ ಔಷಧವನ್ನೋ ತಂತ್ರಾಂಶವನ್ನೋ ರೂಪಿಸಿದವರ ಬಳಿ ಮೊದಲ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ವಸ್ತು ಹೊಸದು, ಹಾಗಾಗಿ ಅದನ್ನು ಹಿಂದೆ ಯಾರೂ ಕೊಂಡಿಲ್ಲ. ಈ ಬಿಕ್ಕಟ್ಟನ್ನು ಬಿಡಿಸಲು ಹಲವು ದೇಶಗಳಲ್ಲಿ ಪ್ರತ್ಯೇಕ ಅರ್ಹತಾ ನಿಯಮಗಳು ಬಂದಿವೆ. ಭಾರತದಲ್ಲಿ ಇವು ಒಂದೇ ಕಾನೂನಿನಲ್ಲಿ ಸಿಗುವುದಿಲ್ಲ. ಕೇಂದ್ರದ ಹಣಕಾಸು ನಿಯಮ, ಸ್ಟಾರ್ಟ್‌ಅಪ್ ಅಧಿಸೂಚನೆ, ಸಣ್ಣ ಕೈಗಾರಿಕೆಗಳ ಖರೀದಿ ಆದೇಶ, ರಾಜ್ಯದ ಪಾರದರ್ಶಕತೆ ಕಾಯ್ದೆ ಮತ್ತು ಆಯಾ ವಸ್ತುವಿನ ಪರೀಕ್ಷಾ ನಿಯಮಗಳಲ್ಲಿ ಅವು ಹರಡಿಕೊಂಡಿವೆ.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ನಿಯಮಗಳ ಒಳಹೊರಗು ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಅಡಿಕೆ ಸುಲಿಯುವ, ಕೊಯ್ಯುವ, ಔಷಧಿ ಹೊಡೆಯುವ ಉಪಕರಣಗಳನ್ನು ರೈತರೂ ಸಣ್ಣ ವರ್ಕ್‌ಶಾಪಿನವರೂ ತಾವೇ ಕಟ್ಟಿ ತಿದ್ದುತ್ತಾ ಬಂದಿದ್ದಾರೆ. ಮಂಗನ ಕಾಯಿಲೆ ಎಂಬ ಕ್ಯಾಸನೂರು ಕಾಡಿನ ಕಾಯಿಲೆಗೆ ಹೊಸ ಲಸಿಕೆ, ಹೊಸ ಲೇಪನಗಳ ಹುಡುಕಾಟವಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್ಲು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಾದ್ದರಿಂದ ಬಯಲುಸೀಮೆಯಲ್ಲಿ ಸರಾಗವಾಗಿ ನಡೆದ ಉಪಕರಣ ಇಲ್ಲಿನ ಮಳೆಗಾಲ ದಾಟಿದರೆ ಮಾತ್ರ ಗೆದ್ದಂತೆ. ಕೊಳ್ಳುವ ಸಂಸ್ಥೆಗಳಿಗೂ ಕೊರತೆಯಿಲ್ಲ. ತೋಟಗಾರಿಕೆ ಮತ್ತು ಆರೋಗ್ಯ ಇಲಾಖೆಗಳು, ಸಾಗರ ನಗರಸಭೆ, ಪಟ್ಟಣ ಹಾಗೂ ಗ್ರಾಮ ಪಂಚಾಯಿತಿಗಳು, ಶರಾವತಿ ಮತ್ತು ವಾರಾಹಿ ಯೋಜನೆಗಳನ್ನು ನಡೆಸುವ ಕರ್ನಾಟಕ ವಿದ್ಯುತ್ ನಿಗಮ, ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ನೆಲೆಯಾದ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಇವೆಲ್ಲ ಸಾರ್ವಜನಿಕ ಹಣದಲ್ಲಿ ಖರೀದಿ ಮಾಡುತ್ತವೆ.

ಹಿನ್ನೆಲೆ

ಸರ್ಕಾರವೇ ಹೊಸದೊಂದನ್ನು ತೋಟಕ್ಕಿಳಿಸಿ ಪರೀಕ್ಷಿಸಿದ ಉದಾಹರಣೆ ಮಲೆನಾಡಿಗೆ ಹಳೆಯದು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಅಡಿಕೆಯ ಕೊಳೆರೋಗದ ಬೆನ್ನುಹತ್ತಿದರು. ಅವರ ಅಧ್ಯಯನ 1910ರಲ್ಲಿ ಸಂಸ್ಥಾನದ ಕೃಷಿ ಇಲಾಖೆಯ ಪ್ರಕಟಣೆಯಾಗಿ ಹೊರಬಂತು. ಈ ರೋಗ ತಡೆಯಲು ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದ ಬೋರ್ಡೋ ದ್ರಾವಣ ಮಲೆನಾಡಿನ ಜಡಿಮಳೆಯಲ್ಲಿ ಅಡಿಕೆಯ ಕೊನೆಯ (ಗೊನೆಯ) ಮೇಲೆ ನಿಲ್ಲುತ್ತದೆಯೇ ಎಂಬುದೇ ಆಗಿನ ಪ್ರಶ್ನೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಇಂದು ಪ್ರತಿ ಅಡಿಕೆ ಮನೆಗೂ ಬಾಯಿಪಾಠ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ದ್ರಾವಣದಲ್ಲಿ ಕತ್ತಿಯ ಅಲಗನ್ನು ಅದ್ದಿ ನೋಡುವುದೂ ಹಾಗೆಯೇ: ಸಾಲದಿದ್ದರೆ ಉಕ್ಕಿನ ಮೇಲೆ ತಾಮ್ರದ ಕೆಂಪು ಹತ್ತುತ್ತದೆ. ಅಡಿಕೆ ಕೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆ ತಡೆಯುತ್ತಿದ್ದ ಬೆಳೆಗಾರರು ಈ ನೀಲಿ ದ್ರಾವಣವನ್ನು ಒಪ್ಪಿಕೊಂಡದ್ದು ರೋಗ ಬರುವ ಜಾಗದಲ್ಲೇ ಅದರ ಫಲ ಕಂಡಿದ್ದರಿಂದ. ಈಗಿನ ಅರ್ಹತಾ ನಿಯಮಗಳು ಮಾರುವವರ ಕಾಗದಪತ್ರಗಳ ಬಗ್ಗೆ ಬಹಳ ಹೇಳುತ್ತವೆ, ಪರೀಕ್ಷೆ ಎಲ್ಲಿ, ಯಾವ ಋತುವಿನಲ್ಲಿ ನಡೆಯಬೇಕೆಂಬುದರ ಬಗ್ಗೆ ಕಡಿಮೆ ಹೇಳುತ್ತವೆ. ನೂರು ವರ್ಷದ ಹಿಂದಿನ ಈ ಕೆಲಸದ ಪಕ್ಕದಲ್ಲಿಟ್ಟು ನೋಡಿದಾಗ ಆ ಕೊರತೆ ಎದ್ದು ಕಾಣುತ್ತದೆ.

ರಾಜ್ಯದ ಕಾನೂನು

ಕರ್ನಾಟಕದಲ್ಲಿ ಇಲಾಖೆ, ನಿಗಮ, ವಿಶ್ವವಿದ್ಯಾಲಯ, ಸ್ಥಳೀಯ ಸಂಸ್ಥೆಗಳ ಖರೀದಿಗೆ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ಕಚೇರಿಗಳಲ್ಲಿ ಇದನ್ನು ಕೆಟಿಪಿಪಿ ಎಂದೇ ಕರೆಯುತ್ತಾರೆ. ಇದರ ನಿಯಮಗಳು 2000ದಲ್ಲಿ ಬಂದವು. ಟೆಂಡರ್ ಕರೆಯುವುದು ಸಾಮಾನ್ಯ ವಿಧಿ, ಕರೆಯದೆ ಕೊಳ್ಳುವುದು ಅಪವಾದ. ಪೂರ್ವಾರ್ಹತೆ ನಿಗದಿ ಮಾಡುವಾಗ ಇದೇ ಬಗೆಯ ಗುತ್ತಿಗೆಗಳ ಅನುಭವ, ಸಿಬ್ಬಂದಿ ಮತ್ತು ಸಲಕರಣೆಗಳ ಸಾಮರ್ಥ್ಯ, ಹಣಕಾಸಿನ ಸ್ಥಿತಿ ಇವುಗಳನ್ನು ನೋಡಲಾಗುತ್ತದೆ. ಹೊಸ ಉದ್ಯಮ ಎಡವುವುದು ಈ ಮೊದಲ ಮೆಟ್ಟಿಲಲ್ಲೇ.

ಕಾಯ್ದೆಯ 4ನೇ ಪ್ರಕರಣದ ಅಪವಾದಗಳಲ್ಲಿ ಆವಿಷ್ಕಾರಕ್ಕೆ ಹತ್ತಿರವಾದವು ಎರಡು. ಮೊದಲನೆಯದು ಒಂದೇ ಮೂಲದ ಖರೀದಿ: ವಸ್ತು ಒಬ್ಬರಲ್ಲಿ ಮಾತ್ರ ಸಿಗುವಂತಿದ್ದು, ಅಥವಾ ಅದರ ಹಕ್ಕು ಒಬ್ಬರಿಗೇ ಸೇರಿದ್ದು, ಅದಕ್ಕೆ ಸರಿಯಾದ ಬದಲಿ ಇಲ್ಲದಿದ್ದರೆ ನೇರವಾಗಿ ಕೊಳ್ಳಬಹುದು. ಎರಡನೆಯದು ನಿರ್ದಿಷ್ಟ ಖರೀದಿಗೆ ಸರ್ಕಾರವೇ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡುವ 4(ಜಿ). ಮೊದಲನೆಯದು ಆವಿಷ್ಕಾರಕರಿಗೆ ಹೇಳಿಮಾಡಿಸಿದಂತೆ ಕಂಡರೂ ‘ಬದಲಿ ಇಲ್ಲ’ ಎಂದು ತೋರಿಸುವುದು ಕಷ್ಟ. ಅಡಿಕೆ ಸುಲಿಯುವ ಹೊಸ ಯಂತ್ರ ಎಷ್ಟೇ ಚತುರವಾಗಿದ್ದರೂ ಹಳೆಯ ಯಂತ್ರವೂ ಮೆಟ್ಟುಗತ್ತಿಯೂ ಬದಲಿಯಾಗಿ ಇದ್ದೇ ಇವೆ. ಎರಡನೆಯದು ಸಚಿವಾಲಯದ ಮಟ್ಟದ ತೀರ್ಮಾನ, ತಾಲ್ಲೂಕು ಕಚೇರಿಯ ಕೈಗೆ ಎಟುಕುವಂಥದ್ದಲ್ಲ.

ರಾಜ್ಯದ ಸ್ಟಾರ್ಟ್‌ಅಪ್ ನೀತಿ 2015ರಲ್ಲಿ ಆರಂಭವಾಯಿತು. ಅನುಭವ, ವಹಿವಾಟು, ಇಎಂಡಿ ಈ ಮೂರರಲ್ಲೂ ಹೊಸ ಉದ್ಯಮಗಳಿಗೆ ಸಡಿಲಿಕೆ ಕೊಡುವ ದಿಕ್ಕಿನಲ್ಲಿ ರಾಜ್ಯ ಸಾಗಿದೆ. 2017ರಿಂದ ನಡೆಯುತ್ತಿರುವ ‘ಎಲಿವೇಟ್’ ಸ್ಪರ್ಧೆಯಲ್ಲಿ ಆಯ್ಕೆಯಾದ ಉದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಇದು ಅನುದಾನ, ಖರೀದಿಯಲ್ಲ. ಗೆದ್ದವರ ವಸ್ತುವನ್ನು ಯಾವುದೇ ಇಲಾಖೆ ಕೊಳ್ಳಲೇಬೇಕೆಂಬ ಹೊಣೆ ಇದರಿಂದ ಹುಟ್ಟುವುದಿಲ್ಲ. 2020ರ ಕರ್ನಾಟಕ ನಾವೀನ್ಯತಾ ಪ್ರಾಧಿಕಾರ ಕಾಯ್ದೆಯ ದಾರಿಯೇ ಬೇರೆ. ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಪ್ರಾಧಿಕಾರ, ಚಾಲ್ತಿಯಲ್ಲಿರುವ ರಾಜ್ಯ ಕಾನೂನು ಅಡ್ಡಿಯಾಗುವ ಹೊಸ ತಂತ್ರಜ್ಞಾನಕ್ಕೆ ಸೀಮಿತ ಅವಧಿಗೆ, ಷರತ್ತಿನ ಮೇಲೆ ವಿನಾಯಿತಿ ಕೊಟ್ಟು ಪ್ರಯೋಗಕ್ಕೆ ಅವಕಾಶ ಮಾಡಬಲ್ಲದು. ಮಾರುವ ಅರ್ಹತೆಗಿಂತ ಪರೀಕ್ಷಿಸುವ ಹಕ್ಕನ್ನು ಕೊಡುವ ಕಾನೂನು ಇದು.

ಕೇಂದ್ರದ ಸಡಿಲಿಕೆಗಳು

ಕೇಂದ್ರದ ಇಲಾಖೆಗಳಿಗೆ ಸಾಮಾನ್ಯ ಹಣಕಾಸು ನಿಯಮಗಳು, 2017 ಆಧಾರ. ಇದರ 170ನೇ ನಿಯಮ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳನ್ನೂ ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳನ್ನೂ ಇಎಂಡಿಯಿಂದ ಬಿಡುಗಡೆ ಮಾಡುತ್ತದೆ. 173ನೇ ನಿಯಮದಂತೆ, ಗುಣಮಟ್ಟ ಮತ್ತು ತಾಂತ್ರಿಕ ವಿವರಣೆಗೆ ವಸ್ತು ಒಪ್ಪುವಂತಿದ್ದರೆ, ಸ್ಟಾರ್ಟ್‌ಅಪ್‌ಗಳಿಗೆ ಹಿಂದಿನ ಅನುಭವ ಮತ್ತು ವಹಿವಾಟಿನ ಷರತ್ತನ್ನು ಸಡಿಲಿಸಬಹುದು. ‘ಸಡಿಲಿಸಬಹುದು’ ಎಂಬ ಕ್ರಿಯಾಪದದಲ್ಲೇ ಎಲ್ಲ ಅಡಗಿದೆ. ಇದು ಅಧಿಕಾರಿಗೆ ಕೊಟ್ಟ ವಿವೇಚನೆ, ಅರ್ಜಿದಾರರ ಹಕ್ಕಲ್ಲ. ಲೆಕ್ಕಪರಿಶೋಧನೆಯ ಆಕ್ಷೇಪಕ್ಕೆ ಅಂಜುವ ಅಧಿಕಾರಿ ಸಡಿಲಿಸದೆ ಬಿಟ್ಟರೆ ನಿಯಮ ಮುರಿದಂತಾಗುವುದಿಲ್ಲ. ಟೆಂಡರ್ ದಾಖಲೆಯಲ್ಲಿ ಆ ಸಡಿಲಿಕೆ ಮೊದಲೇ ಬರೆದಿರಬೇಕು, ನಂತರ ಕೇಳಿ ಪಡೆಯಲಾಗದು. ಇದರ ಜೊತೆಗೆ, ಸಾರ್ವಜನಿಕ ಸುರಕ್ಷತೆ, ಆರೋಗ್ಯ, ಮಹತ್ವದ ಭದ್ರತಾ ಕಾರ್ಯಗಳಿಗೆ ಸಂಬಂಧಿಸಿದ ಖರೀದಿಯಲ್ಲಿ ಸೂಕ್ತ ಕಾರಣವಿದ್ದರೆ ಅನುಭವದ ಷರತ್ತನ್ನು ಉಳಿಸಿಕೊಳ್ಳಬಹುದೆಂದು ಹಣಕಾಸು ಸಚಿವಾಲಯ 2016ರಲ್ಲೇ ಸ್ಪಷ್ಟಪಡಿಸಿದೆ.

ಸ್ಟಾರ್ಟ್‌ಅಪ್ ಎಂದರೆ ಯಾವುದು ಎಂಬುದನ್ನು ಕೇಂದ್ರ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ ನಿರ್ಧರಿಸುತ್ತದೆ. ಇಲಾಖೆಯ 2019ರ ಫೆಬ್ರವರಿ 19ರ ಅಧಿಸೂಚನೆ ಹೇಳಿದಂತೆ ಉದ್ಯಮ ಖಾಸಗಿ ನಿಯಮಿತ ಕಂಪನಿ, ನೋಂದಾಯಿತ ಪಾಲುದಾರಿಕೆ ಅಥವಾ ಸೀಮಿತ ಹೊಣೆಯ ಪಾಲುದಾರಿಕೆ ಆಗಿರಬೇಕು. ನೋಂದಣಿಯಾಗಿ ಹತ್ತು ವರ್ಷ ಮೀರಿರಬಾರದು, ಯಾವ ವರ್ಷದಲ್ಲೂ ವಹಿವಾಟು 100 ಕೋಟಿ ದಾಟಿರಬಾರದು ಎಂದು ಆ ಅಧಿಸೂಚನೆಯಲ್ಲಿತ್ತು. ಹಳೆಯ ವ್ಯಾಪಾರವನ್ನು ಒಡೆದು ಅಥವಾ ಮರುರೂಪಿಸಿ ಹುಟ್ಟಿಸಿದ ಸಂಸ್ಥೆಗೆ ಮಾನ್ಯತೆಯಿಲ್ಲ. ವಸ್ತು, ಪ್ರಕ್ರಿಯೆ ಅಥವಾ ಸೇವೆಯಲ್ಲಿ ಹೊಸತನ ಇಲ್ಲವೇ ಸುಧಾರಣೆ ಇರಬೇಕು, ಅಥವಾ ಉದ್ಯೋಗವನ್ನೂ ಸಂಪತ್ತನ್ನೂ ಹೆಚ್ಚಿಸಬಲ್ಲ, ಬೆಳೆಯುವ ಗುಣದ ವ್ಯವಹಾರ ಮಾದರಿ ಇರಬೇಕು. 2016ರಲ್ಲಿ ಈ ಮಿತಿಗಳು ಐದು ವರ್ಷ, 25 ಕೋಟಿ ಆಗಿದ್ದವು.

ಮಲೆನಾಡಿನ ಆವಿಷ್ಕಾರಕ ಹಲವು ಬಾರಿ ಈ ಚೌಕಟ್ಟಿನ ಹೊರಗೇ ಉಳಿಯುತ್ತಾನೆ. ಹೊಸನಗರದಲ್ಲೋ ರಿಪ್ಪನ್‌ಪೇಟೆಯಲ್ಲೋ ವೆಲ್ಡಿಂಗ್ ಶೆಡ್ ನಡೆಸುತ್ತ ಯಂತ್ರ ಕಟ್ಟುವವರದು ಏಕವ್ಯಕ್ತಿ ಮಾಲೀಕತ್ವ, ಅದು 2019ರ ವ್ಯಾಖ್ಯೆಯಲ್ಲಿ ಇಲ್ಲ. ಅಂಥವರಿಗೆ ತೆರೆದಿರುವ ಬಾಗಿಲು 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ. ಆಧಾರ್ ಮತ್ತು ಪ್ಯಾನ್ ಆಧರಿಸಿದ, ಶುಲ್ಕವಿಲ್ಲದ ಸ್ವಯಂಘೋಷಣೆ ಇದು, ಏಕವ್ಯಕ್ತಿ ಉದ್ಯಮಕ್ಕೂ ಸಿಗುತ್ತದೆ. 2025ರ ಏಪ್ರಿಲ್‌ನಿಂದ ಅತಿಸಣ್ಣ ಉದ್ಯಮದ ಮಿತಿ ಎರಡೂವರೆ ಕೋಟಿ ಹೂಡಿಕೆ, ಹತ್ತು ಕೋಟಿ ವಹಿವಾಟು. ಸಣ್ಣ ಉದ್ಯಮದ್ದು 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟು. ಕೇಂದ್ರದ ಇಲಾಖೆಗಳೂ ಉದ್ಯಮಗಳೂ ತಮ್ಮ ವಾರ್ಷಿಕ ಖರೀದಿಯ ಶೇ 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕೆಂಬುದು 2012ರ ಖರೀದಿ ನೀತಿ ಆದೇಶದ ಈಗಿನ ಗುರಿ. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಉದ್ಯಮಗಳಿಗೆ ಶೇ 4, ಮಹಿಳೆಯರ ಉದ್ಯಮಗಳಿಗೆ ಶೇ 3 ಇದೆ. ಬೇರೆಯವರು ತಯಾರಿಸಿದ್ದನ್ನು ತಂದು ಮಾರುವ ವ್ಯಾಪಾರಿ ಉದ್ಯಮ್ ನೋಂದಣಿ ಪಡೆದರೂ ಈ ಖರೀದಿ ಲಾಭಕ್ಕೆ ಅರ್ಹನಲ್ಲ.

ದೇಶೀಯತೆಯ ಷರತ್ತುಗಳೂ ಇವೆ. 2017ರ ‘ಮೇಕ್ ಇನ್ ಇಂಡಿಯಾ’ ಆದ್ಯತಾ ಆದೇಶದಲ್ಲಿ ವಸ್ತುವಿನ ಮೌಲ್ಯದಲ್ಲಿ ಶೇ 50ಕ್ಕೆ ಕಡಿಮೆಯಿಲ್ಲದ ದೇಶೀಯ ಪಾಲು ಇರುವವರು ಮೊದಲ ವರ್ಗದ ಪೂರೈಕೆದಾರರು, ಶೇ 20ರಿಂದ 50ರ ನಡುವಿನವರು ಎರಡನೆಯ ವರ್ಗದವರು. ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶಗಳ ಬಿಡ್ಡುದಾರರಿಗೆ 2020ರ ಜುಲೈನಿಂದ ಪ್ರತ್ಯೇಕ ನೋಂದಣಿ ಕಡ್ಡಾಯ.

ವಸ್ತುವಿನ ಪರೀಕ್ಷೆ

ಉದ್ಯಮ ಅರ್ಹವಾದ ಮಾತ್ರಕ್ಕೆ ವಸ್ತು ಅರ್ಹವಾಗುವುದಿಲ್ಲ. ಕೃಷಿ ಯಂತ್ರಗಳನ್ನು ಸರ್ಕಾರ ಹೆಚ್ಚಾಗಿ ತಾನೇ ಕೊಳ್ಳುವುದಿಲ್ಲ, ರೈತರು ಕೊಳ್ಳುವಾಗ ಸಹಾಯಧನ ಕೊಡುತ್ತದೆ. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಲ್ಲಿ ಇದು ಶೇ 40ರಿಂದ 50. ಸಹಾಯಧನದ ಪಟ್ಟಿಗೆ ಸೇರಲು ಅಧಿಕೃತ ಕೇಂದ್ರದ ಪರೀಕ್ಷಾ ವರದಿ ಬೇಕು. ಮಧ್ಯಪ್ರದೇಶದ ಬುದ್ನಿ, ಹರಿಯಾಣದ ಹಿಸಾರ್, ಆಂಧ್ರದ ಅನಂತಪುರ ಬಳಿಯ ಗಾರ್ಲದಿನ್ನೆ, ಅಸ್ಸಾಮಿನ ಬಿಸ್ವನಾಥ್ ಚಾರಿಯಾಲಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಗಳಿವೆ. ಗೊತ್ತುಪಡಿಸಿದ ಕೆಲವು ವಿಶ್ವವಿದ್ಯಾಲಯ ಕೇಂದ್ರಗಳಲ್ಲೂ ಪರೀಕ್ಷೆ ನಡೆಯುತ್ತದೆ.

ಅಡಿಕೆ ಸುಲಿಯುವ ಯಂತ್ರವನ್ನೇ ತೆಗೆದುಕೊಂಡರೆ ಪರೀಕ್ಷೆಯ ಜಾಗ ಏಕೆ ಮುಖ್ಯ ಎಂಬುದು ತಿಳಿಯುತ್ತದೆ. ಕರಾವಳಿಯಲ್ಲಿ ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ, ಒಣಸಿಪ್ಪೆ ಬಿಡಿಸಿ ಚಾಲಿ ಮಾಡುತ್ತಾರೆ. ಸಾಗರ, ತೀರ್ಥಹಳ್ಳಿಯ ಕಡೆ ಕಾಯಿ ಹಸಿರಿರುವಾಗಲೇ ಕೊಯ್ದು, ಹಸಿಸಿಪ್ಪೆ ಸುಲಿದು, ಚೊಗರು ಎಂಬ ರಸದಲ್ಲಿ ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಒಣಸಿಪ್ಪೆ ಒತ್ತಿದರೆ ಬಿರಿಯುತ್ತದೆ. ಹಸಿಸಿಪ್ಪೆ ನಾರುನಾರಾಗಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ, ಅದರ ರಸ ಬೇರಿಂಗಿಗೆ ಇಳಿಯುತ್ತದೆ, ಒಳಗಿನ ಎಳೆ ತಿರುಳು ಸ್ವಲ್ಪ ಒತ್ತಡಕ್ಕೇ ಹೋಳಾಗುತ್ತದೆ. ಗಂಟೆಗೆ ಎಷ್ಟು ಕಿಲೋ ಸುಲಿಯಿತು ಎಂಬ ಅಂಕಿ ಮಾರಾಟದ ಕಾಗದಕ್ಕೆ ಚೆನ್ನ. ಬೆಳೆಗಾರರು ಮೊದಲು ಕೇಳುವುದು ನೂರರಲ್ಲಿ ಎಷ್ಟು ಒಡೆಯಿತು, ಎಷ್ಟಕ್ಕೆ ಸಿಪ್ಪೆ ಉಳಿಯಿತು ಎಂದು, ಏಕೆಂದರೆ ಒಡೆದದ್ದಕ್ಕೆ ಮಂಡಿಯಲ್ಲಿ ಬೆಲೆ ಬೇರೆ. ಕೊಯ್ದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವಂತೆಯೂ ಇಲ್ಲ, ದೂರದ ಪರೀಕ್ಷಾಲಯಕ್ಕೆ ಲಾರಿಯಲ್ಲಿ ಕಳಿಸಿ ಸಾಲಿನಲ್ಲಿ ಕಾಯುವಂತೆಯೂ ಇಲ್ಲ. ಈ ಕಾರಣಕ್ಕೆ ತೀರ್ಥಹಳ್ಳಿಯ ಅಡಿಕೆ ಸಂಶೋಧನಾ ಕೇಂದ್ರ, ಇರುವಕ್ಕಿಯ ವಿಶ್ವವಿದ್ಯಾಲಯ ಮತ್ತು ರೈತರ ಹೊಲದಲ್ಲೇ ತಂತ್ರಜ್ಞಾನ ಪರೀಕ್ಷಿಸುವುದನ್ನು ತಮ್ಮ ಕರ್ತವ್ಯವಾಗಿ ಹೊಂದಿರುವ ಕೃಷಿ ವಿಜ್ಞಾನ ಕೇಂದ್ರಗಳ ಸುಗ್ಗಿಕಾಲದ ವರದಿಗೆ ಈ ಭಾಗದಲ್ಲಿ ಹೆಚ್ಚಿನ ತೂಕ ಸಲ್ಲಬೇಕು.

ಔಷಧಿ ಸಿಂಪಡಿಸುವ ಡ್ರೋನ್ ಇನ್ನೊಂದು ನಿದರ್ಶನ. 2021ರ ಡ್ರೋನ್ ನಿಯಮಗಳಂತೆ ಮಾರಾಟದ ಮಾದರಿಗೆ ಟೈಪ್ ಪ್ರಮಾಣಪತ್ರ ಬೇಕು. ಸಂಶೋಧನಾ ಸಂಸ್ಥೆಗಳು ಹಸಿರು ವಲಯದಲ್ಲಿ, ತಮ್ಮ ಹತೋಟಿಯ ಜಾಗದಲ್ಲಿ ನಡೆಸುವ ಪ್ರಯೋಗಕ್ಕೆ ವಿನಾಯಿತಿ ಇದೆ. ಪ್ರಮಾಣಪತ್ರ ಸಿಕ್ಕಿದರೂ ತೋಟದ ಸಮಸ್ಯೆ ಹಾಗೇ ಇರುತ್ತದೆ. ಅಡಿಕೆಯ ಕೊನೆ ಸೋಗೆಗಳ ಕೆಳಗೆ ತೂಗುತ್ತದೆ, ಡ್ರೋನ್ ಮೇಲಿನಿಂದ ಸುರಿಯುತ್ತದೆ. ಕೊಳೆಗೆ ಬೇಕಾದ್ದು ಕಾಯಿಯ ಮೈಗೆಲ್ಲ ಹತ್ತುವ ದ್ರಾವಣ. ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಮಲೆನಾಡಿನಲ್ಲಿ ಬೇಗ ಹರಡಿದ್ದು ಇದೇ ಕಾರಣಕ್ಕೆ. ನೆಲದ ಮೇಲೆ ನಿಂತವರು ಕೊನೆಯ ಬುಡಕ್ಕೇ ನಳಿಕೆ ಒಯ್ಯಬಹುದು, ಕೊನೆಗಾರರು ಜಾರುವ ಮರ ಹತ್ತುವ ಅಪಾಯ ತಪ್ಪುತ್ತದೆ. ಹೊಸ ಕೀಟನಾಶಕ, ಶಿಲೀಂಧ್ರನಾಶಕಗಳಿಗೆ 1968ರ ಕೀಟನಾಶಕ ಕಾಯ್ದೆಯ ನೋಂದಣಿ ಕಡ್ಡಾಯ. ದೇಶಕ್ಕೆ ಮೊದಲ ಬಾರಿ ಬರುವ ವಸ್ತುವಿಗೆ ಎರಡು ವರ್ಷದ ತಾತ್ಕಾಲಿಕ ನೋಂದಣಿಗೂ ಆ ಕಾಯ್ದೆಯಲ್ಲಿ ಅವಕಾಶವಿದೆ.

ಆರೋಗ್ಯದ ವಿಷಯದಲ್ಲಿ ಸಡಿಲಿಕೆಗೆ ಗಡಿ ಹಾಕಿರುವುದು ಸರಿಯೇ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಹಲವರನ್ನು ಬಲಿ ತೆಗೆದುಕೊಂಡಿತು. ಸರ್ಕಾರ ವರ್ಷಗಟ್ಟಲೆ ಹಾಕಿಸುತ್ತಿದ್ದ ಹಳೆಯ ಲಸಿಕೆಯ ಪರಿಣಾಮ ಕುಂದಿದ್ದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ಕಾಡಿಗೆ ಸೊಪ್ಪು ಸೌದೆಗೆ ಹೋಗುವವರಿಗೆ ಈ ರೋಗ ಹರಡುವ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡದ್ದು. ಇಂಥ ಕಡೆ ಜನರ ತುರ್ತು ಎಷ್ಟೇ ನಿಜವಾಗಿದ್ದರೂ ಹೊಸ ಲಸಿಕೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಹಂತಗಳನ್ನು ದಾಟಬೇಕು. ರೋಗಪತ್ತೆ ಕಿಟ್ಟುಗಳಿಗೆ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. ಕಂಪನಿ ಹೊಸದೆಂಬ ಕಾರಣಕ್ಕೆ ಇವುಗಳಲ್ಲಿ ರಿಯಾಯಿತಿ ಇಲ್ಲ.

ಹಕ್ಕುಸ್ವಾಮ್ಯ

ಮಾರುವವರಿಗೆ ಆವಿಷ್ಕಾರದ ಮೇಲೆ ಹಕ್ಕು ಇರಬೇಕು, ಅಥವಾ ಹಕ್ಕುದಾರರ ಪರವಾನಗಿ ಇರಬೇಕು. ಹಳ್ಳಿಯ ಆವಿಷ್ಕಾರಕರು ಸೋಲುವ ಜಾಗ ಇದು. ಕೃಷಿಮೇಳದಲ್ಲಿ ಯಂತ್ರವನ್ನು ಓಡಿಸಿ ತೋರಿಸಿ, ಜನ ಮೆಚ್ಚಿದ ಮೇಲೆ ಪೇಟೆಂಟಿಗೆ ಹೋದರೆ ಅದರ ಹೊಸತನ ಅಷ್ಟರಲ್ಲೇ ಕಳೆದುಹೋಗಿರಬಹುದು. 1970ರ ಪೇಟೆಂಟ್ ಕಾಯ್ದೆ ಎರಡು ಆಸರೆ ಕೊಟ್ಟಿದೆ. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನದಲ್ಲಿ ತೋರಿಸಿದ್ದರೆ 12 ತಿಂಗಳೊಳಗೆ ಅರ್ಜಿ ಹಾಕಬಹುದು. ವಸ್ತುವಿನ ಸ್ವಭಾವದಿಂದಾಗಿ ಸಾರ್ವಜನಿಕವಾಗಿಯೇ ಪ್ರಯೋಗಿಸಬೇಕಾಗಿ ಬಂದಿದ್ದರೆ, ಅರ್ಜಿಗೆ ಮುಂಚಿನ ಒಂದು ವರ್ಷದ ಅಂಥ ಪ್ರಯೋಗ ಹಕ್ಕಿಗೆ ಅಡ್ಡಿಯಾಗದು. ಊರಿನ ಎಲ್ಲ ಮೇಳಗಳೂ ಮೊದಲ ಆಸರೆಯೊಳಗೆ ಬರುವುದಿಲ್ಲ. ಹಾಗಾಗಿ ತೋರಿಸುವ ಮೊದಲೇ ಅರ್ಜಿ ಸಲ್ಲಿಸುವುದು ಕ್ಷೇಮ. 2016ರಿಂದ ಸ್ಟಾರ್ಟ್‌ಅಪ್‌ಗಳಿಗೆ ಶುಲ್ಕ ರಿಯಾಯಿತಿ ಮತ್ತು ಬೇಗ ಪರಿಶೀಲನೆಯ ಸೌಲಭ್ಯವಿದೆ. ಕಂಪನಿಯಿಲ್ಲದ ತಳಮಟ್ಟದ ಆವಿಷ್ಕಾರಕರಿಗೆ 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ ನೆರವಾಗುತ್ತದೆ.

ಇತರ ಮಾದರಿಗಳು

ಅಮೆರಿಕ 1982ರಲ್ಲಿ ಕಾನೂನು ಮಾಡಿ ಸಣ್ಣ ಉದ್ಯಮಗಳ ಸಂಶೋಧನೆಗೆ ಕೇಂದ್ರ ಸಂಸ್ಥೆಗಳ ಹಣ ಮೀಸಲಿಟ್ಟಿತು. ಅಲ್ಲಿ ಉದ್ಯಮದ ನೌಕರರು 500 ಮೀರಬಾರದು, ಒಡೆತನದ ಹೆಚ್ಚಿನ ಪಾಲು ಆ ದೇಶದವರದಾಗಿರಬೇಕು. ಸಾಧ್ಯತೆಯ ಪರೀಕ್ಷೆ, ಮಾದರಿ ತಯಾರಿಕೆ, ಮಾರುಕಟ್ಟೆ ಎಂಬ ಮೂರು ಹಂತಗಳಿವೆ. ಕೆನಡಾ 2010ರಲ್ಲಿ ಆರಂಭಿಸಿದ ಯೋಜನೆ ಇನ್ನೂ ನೇರವಾಗಿದೆ: ಮಾರುಕಟ್ಟೆಗೆ ಬಾರದ ಮಾದರಿಯನ್ನು ಸರ್ಕಾರವೇ ಮೊದಲ ಗಿರಾಕಿಯಾಗಿ ಕೊಂಡು, ತನ್ನ ಇಲಾಖೆಯೊಂದರಲ್ಲಿ ಬಳಸಿ ನೋಡಿ, ಫಲಿತಾಂಶವನ್ನು ತಯಾರಕರಿಗೆ ತಿಳಿಸುತ್ತದೆ. ನಾಸಾದಲ್ಲಿ ಹುಟ್ಟಿದ ಒಂಬತ್ತು ಮೆಟ್ಟಿಲುಗಳ ತಂತ್ರಜ್ಞಾನ ಸಿದ್ಧತಾ ಅಳತೆಯಲ್ಲಿ ಕೊನೆಯ ಮೆಟ್ಟಿಲುಗಳಿಗೆ ಬಂದ ವಸ್ತುವಷ್ಟೇ ಕೆನಡಾದ ಯೋಜನೆಗೆ ಅರ್ಹ. ಭಾರತದಲ್ಲಿ ಇದಕ್ಕೆ ಹತ್ತಿರವಾದದ್ದು ರಕ್ಷಣಾ ಇಲಾಖೆಯ ಐಡೆಕ್ಸ್. 2018ರಲ್ಲಿ ಆರಂಭವಾದ ಇದನ್ನು ನಡೆಸುವ ಸಂಸ್ಥೆಗೆ ಬಂಡವಾಳ ಹಾಕಿದ್ದು ಬೆಂಗಳೂರಿನ ಎಚ್‌ಎಎಲ್ ಮತ್ತು ಬಿಇಎಲ್. ಸ್ಟಾರ್ಟ್‌ಅಪ್, ಸಣ್ಣ ಉದ್ಯಮಗಳ ಜೊತೆಗೆ ಒಬ್ಬೊಬ್ಬರೇ ಆವಿಷ್ಕಾರಕರೂ ಅರ್ಜಿ ಹಾಕಬಹುದು. ಸೇನೆ ತನ್ನ ಸಮಸ್ಯೆಯನ್ನು ಮುಂದಿಡುತ್ತದೆ, ಗೆದ್ದವರಿಗೆ ಮಾದರಿ ಮಾಡಲು ಅನುದಾನ ಸಿಗುತ್ತದೆ, ಪರೀಕ್ಷೆಯಲ್ಲಿ ಪಾಸಾದರೆ ಖರೀದಿಗೆ ದಾರಿಯಿರುತ್ತದೆ. ತೋಟಗಾರಿಕೆಗೂ ಆರೋಗ್ಯಕ್ಕೂ ಇಂಥ ಪರೀಕ್ಷೆಯೊಡನೆ ಹೆಣೆದ ಖರೀದಿ ದಾರಿ ಮಲೆನಾಡಿಗೆ ಬಹಳ ಅಗತ್ಯ.

ಆದೇಶ ಸಿಕ್ಕ ಮೇಲೆ

ಇಎಂಡಿಯಿಂದ ವಿನಾಯಿತಿ ಇದ್ದರೂ ಗುತ್ತಿಗೆ ಗೆದ್ದ ಮೇಲೆ ಕೊಡಬೇಕಾದ ಕಾರ್ಯನಿರ್ವಹಣಾ ಭದ್ರತಾ ಠೇವಣಿಗೆ ಕೇಂದ್ರದ ನಿಯಮಗಳಲ್ಲಿ ಸ್ಟಾರ್ಟ್‌ಅಪ್‌ಗಳಿಗೆ ವಿನಾಯಿತಿ ಇಲ್ಲ. ಸುಳ್ಳು ದಾಖಲೆ ಕೊಟ್ಟವರನ್ನು, ಒಪ್ಪಂದ ಮುರಿದವರನ್ನು ನಿಗದಿತ ಅವಧಿಗೆ ಬಿಡ್ಡಿನಿಂದ ಹೊರಗಿಡಬಹುದು. ಉದ್ಯಮ್ ನೋಂದಣಿಯಿರುವ ಅತಿಸಣ್ಣ ಮತ್ತು ಸಣ್ಣ ಪೂರೈಕೆದಾರರಿಗೆ ಸಣ್ಣ ಉದ್ಯಮಗಳ ಅಭಿವೃದ್ಧಿಗಾಗಿ ಮಾಡಿದ 2006ರ ಕಾಯ್ದೆಯ ರಕ್ಷಣೆ ಉಂಟು: ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರಿ ಹಣ ತಡೆದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ.

ಹೊಸ ಉದ್ಯಮಕ್ಕೆ ಹಣದಷ್ಟೇ ಮುಖ್ಯವಾದದ್ದು ಮೊದಲ ಪೂರೈಕೆಯ ನಂತರ ಇಲಾಖೆ ಕೊಡುವ ತೃಪ್ತಿಕರ ಪೂರೈಕೆಯ ಪ್ರಮಾಣಪತ್ರ. ಮುಂದಿನ ಟೆಂಡರಿನಲ್ಲಿ ಅದೇ ಹಿಂದಿನ ಅನುಭವದ ದಾಖಲೆಯಾಗುತ್ತದೆ. ಅದರಲ್ಲಿ ಪೂರೈಸಿದ ಸಂಖ್ಯೆ ಮತ್ತು ಮೊತ್ತದ ಜೊತೆಗೆ ಯಾವ ಊರಿನಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬಳಸಲಾಯಿತು, ಎಷ್ಟು ಬಾರಿ ಕೆಟ್ಟಿತು, ಯಾರು ರಿಪೇರಿ ಮಾಡಿದರು ಎಂಬುದನ್ನೂ ಬರೆಸಿಕೊಂಡರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲಿಕಲ್ಲಿನಲ್ಲಿ ನಿಂತ ಉಪಕರಣಕ್ಕೆ ಬೇರೆ ಜಿಲ್ಲೆಯ ಖರೀದಿ ಸಮಿತಿಯ ಮುಂದೆಯೂ ಮಾತಾಡುವ ಸಾಕ್ಷಿ ಸಿಗುತ್ತದೆ.